ಮಿದುಳಿನ ವ್ಯಾಧಿಯೂ ಕರ್ಮದ ಲೆಕ್ಕವೂ

ಬಳ್ಳಾರಿಯಿಂದ ಸಿರುಗುಪ್ಪಕ್ಕೆ ಹೋಗುವ ರಸ್ತೆಯಲ್ಲಿ, ತುಂಗಭದ್ರಾ ಕಾಲುವೆಯ ನೀರುಂಡ ಬತ್ತದ ಗದ್ದೆಗಳ ನಡುವೆ ಬಂಡೆಗುಡ್ಡಗಳನ್ನು ಬೆನ್ನಿಗಿಟ್ಟುಕೊಂಡು ಕುಳಿತಿರುವ ಊರು ತೆಕ್ಕಲಕೋಟೆ. 1960ರ ದಶಕದಲ್ಲಿ ಪುರಾತತ್ತ್ವಜ್ಞ ಎಂ. ಎಸ್. ನಾಗರಾಜರಾವ್ ಅವರು ಈ ಗುಡ್ಡಗಳ ಮೇಲೆ ಉತ್ಖನನ ನಡೆಸಿ, ನವಶಿಲಾಯುಗದ ಜನ ಅಲ್ಲಿ ಮನೆ ಕಟ್ಟಿಕೊಂಡು ಬಾಳಿದ್ದನ್ನೂ ತಮ್ಮ ಸತ್ತವರನ್ನು ಮಡಕೆಗಳೊಡನೆ ಹೂಳಿದ್ದನ್ನೂ ಬೆಳಕಿಗೆ ತಂದರು. ಮೂರೂವರೆ ಸಾವಿರ ವರ್ಷಗಳಿಂದ ಮನುಷ್ಯ ಹುಟ್ಟಿ, ರೋಗಿಯಾಗಿ, ಸತ್ತು ಮಣ್ಣಾದ ನೆಲವಿದು.

ಇಂತಹ ಊರಿನ ಪೇಟೆಯಲ್ಲಿ ಒಂದು ಶ್ರಾವಕ ಕುಟುಂಬವನ್ನು ಕಲ್ಪಿಸಿಕೊಳ್ಳಬಹುದು. ಇದು ಯಾವ ಒಂದು ಮನೆಯ ಕಥೆಯೂ ಅಲ್ಲ. ಆದರೆ ಇಂತಹದು ಯಾವ ಮನೆಯಲ್ಲಿಯೂ ನಡೆಯಬಹುದು. ಮನೆಯ ಯಜಮಾನರಿಗೆ ಅರವತ್ತೈದು ದಾಟಿದೆ. ನಲವತ್ತು ವರ್ಷ ಬಟ್ಟೆ ಅಂಗಡಿ ನಡೆಸಿದವರು, ಅಳತೆಯಲ್ಲಿ ಬೆರಳಗಲ ತಪ್ಪದವರು, ಗಿರಾಕಿಯ ಮೇಲಾಗಲಿ ಆಳಿನ ಮೇಲಾಗಲಿ ದನಿ ಎತ್ತದವರು. ಬೆಳಗಿನ ಸಾಮಾಯಿಕ ತಪ್ಪಿಸಿದವರಲ್ಲ, ರಾತ್ರಿ ಊಟ ಅರಿತವರಲ್ಲ. ಅಂಥವರು ಒಂದು ವರ್ಷ ದಿನದ ಲೆಕ್ಕ ಬರೆಯುವುದನ್ನು ಮರೆಯತೊಡಗಿದರು. ಮರುವರ್ಷ ಗಿರಾಕಿಗಳ ಎದುರಿಗೇ ಮಗನನ್ನು ಕಳ್ಳನೆಂದು ಕರೆದರು. ಹೆಂಡತಿಯ ಮೇಲೆ ಕೈ ಎತ್ತಿದರು. ಒಂದು ದಿನ ಬಸದಿಯಲ್ಲಿ ಅಭಿಷೇಕದ ಹೊತ್ತಿಗೆ ಆಡಬಾರದ ಮಾತನ್ನಾಡಿ ಎಲ್ಲರನ್ನೂ ಬೆಚ್ಚಿಬೀಳಿಸಿದರು.

ವಯಸ್ಸಾಯಿತು ಎಂದರು ಕೆಲವರು. ಪೂರ್ವಕರ್ಮ ಎಂದರು ಹಲವರು. ಇಷ್ಟು ದಿನ ಒಳಗೆ ಮುಚ್ಚಿಟ್ಟಿದ್ದ ಸ್ವಭಾವ ಈಗ ಹೊರಗೆ ಬಂತು ಎಂದವರೂ ಇದ್ದರು. ಮಗನ ಎದೆಗೆ ನಾಟಿದ್ದು ಈ ಮಾತು. ಅವನು ತಂದೆಯೊಡನೆ ಮಾತು ಬಿಟ್ಟು ಒಂದೂವರೆ ವರ್ಷವಾಯಿತು. ಮಾವನವರ ಎಡಗೈಯಿಂದ ಲೋಟ ಜಾರುತ್ತಿರುವುದನ್ನು ಸೊಸೆ ಗಮನಿಸಿದ್ದಳು. ಹೇಳಿದಾಗ ಯಾರೂ ಕಿವಿಗೊಡಲಿಲ್ಲ. ಕಡೆಗೊಂದು ಬೆಳಿಗ್ಗೆ ಅವರು ಫಿಟ್ಸ್ ಬಂದು ಬಿದ್ದರು. ಬಳ್ಳಾರಿಗೆ ಒಯ್ದು ಸ್ಕ್ಯಾನ್ ಮಾಡಿಸಿದಾಗ ಬಲಗಡೆಯ ಮುಂಭಾಗದ ಮಿದುಳನ್ನು ಒತ್ತಿಕೊಂಡು ದೊಡ್ಡ ನಿಂಬೆಹಣ್ಣಿನಷ್ಟು ಗೆಡ್ಡೆ ಬೆಳೆದಿರುವುದು ಕಂಡಿತು. ಅದು ಅನೇಕ ವರ್ಷಗಳಿಂದ ಮೆಲ್ಲಗೆ ಬೆಳೆದದ್ದು ಎಂದರು ವೈದ್ಯರು.

ಪ್ರಶ್ನೆ ಹುಟ್ಟುವುದು ಇಲ್ಲಿ. ಆ ಎರಡು ವರ್ಷ ಆ ಮನೆಯಲ್ಲಿ ಕೇಳಿದ ಬೈಗುಳ ಯಾರದು? ಕೈ ಎತ್ತಿದವರು ಯಾರು? ಗೆಡ್ಡೆಯೇ, ಮನುಷ್ಯನೇ, ಅವನ ಕರ್ಮವೇ? ಶ್ರಾವಕರ ಮನೆಗಳಲ್ಲಿ ಕರ್ಮವೆಂಬ ಶಬ್ದ ಬಹು ಸುಲಭವಾಗಿ ನಾಲಗೆಗೆ ಬರುತ್ತದೆ. ಅದನ್ನು ಎಲ್ಲಿ ಆಡಬೇಕು, ಎಲ್ಲಿ ಆಡಬಾರದು ಎಂಬ ವಿವೇಚನೆ ಅಷ್ಟು ಸುಲಭವಾಗಿ ಬರುವುದಿಲ್ಲ.

ಮೊದಲು ವ್ಯಾಧಿಯ ಸ್ವರೂಪವನ್ನು ಅರಿಯುವುದು ಒಳಿತು. ಗೆಡ್ಡೆ ಎಂಬ ಮಾತೇ ಜೈನರ ಕಿವಿಗೆ ನಿಷಿದ್ಧ ವಸ್ತುವಿನ ಹೆಸರಾಗಿ ಕೇಳಿಸುವುದರಿಂದಲೋ ಏನೋ, ಅದರ ಸುತ್ತ ಬೇಡದ ಭಯವೂ ಪಾಪದ ಶಂಕೆಯೂ ಅಂಟಿಕೊಂಡಿವೆ. ವಿಷಯ ಇಷ್ಟು: ಮಿದುಳು ಸುಮಾರು 1.3ರಿಂದ 1.4 ಕಿಲೋಗ್ರಾಂ ತೂಗುವ ಮೃದುವಾದ ಅಂಗ. ಹೊಟ್ಟೆಯಲ್ಲಿ ಏನಾದರೂ ಬೆಳೆದರೆ ಹೊಟ್ಟೆ ಹಿಗ್ಗಿ ಜಾಗ ಕೊಡುತ್ತದೆ, ತಲೆಬುರುಡೆ ಹಿಗ್ಗುವುದಿಲ್ಲ. ಆದ್ದರಿಂದ ಒಳಗೆ ಏನೇ ಬೆಳೆಯಲಿ, ಅದು ನಿರುಪದ್ರವಿಯೇ ಆಗಿರಲಿ, ಮಿದುಳನ್ನು ಒತ್ತದೆ ಇರಲಾರದು. ಮಿದುಳಿನ ಹೊದಿಕೆಯಿಂದ ಹುಟ್ಟುವ ಮೆನಿಂಜಿಯೋಮ ಎಂಬ ಗೆಡ್ಡೆ ಬಹುಪಾಲು ಕ್ಯಾನ್ಸರ್ ಅಲ್ಲ. ನಿಧಾನವಾಗಿ ಬೆಳೆಯುತ್ತದೆ, ಪೂರ್ತಿ ತೆಗೆಯಲು ಸಾಧ್ಯವಾದರೆ ಮನುಷ್ಯ ದೀರ್ಘಕಾಲ ಬಾಳಬಲ್ಲ. ಮಿದುಳಿನ ಆಧಾರಕೋಶಗಳಿಂದ ಹುಟ್ಟುವ ಗ್ಲಯೋಮಗಳಲ್ಲಿ ಅತ್ಯಂತ ಉಗ್ರವಾದ ಗ್ಲಯೋಬ್ಲಾಸ್ಟೋಮದ ಸಂಗತಿ ಬೇರೆ: ಶಸ್ತ್ರಚಿಕಿತ್ಸೆ, ವಿಕಿರಣ, ಔಷಧ ಎಲ್ಲ ಆದ ಮೇಲೂ ಅರ್ಧದಷ್ಟು ರೋಗಿಗಳು ಬದುಕುವುದು ಸುಮಾರು ಹದಿನೈದು ತಿಂಗಳು ಮಾತ್ರ. ಶ್ವಾಸಕೋಶ, ಸ್ತನ ಮೊದಲಾದ ಕಡೆಯ ಕ್ಯಾನ್ಸರು ಮಿದುಳಿಗೆ ಹಬ್ಬುವುದೂ ಉಂಟು. ಹೀಗಾಗಿ ‘ಮಿದುಳಿನಲ್ಲಿ ಗೆಡ್ಡೆ’ ಎಂಬುದು ಒಂದೇ ರೋಗದ ಹೆಸರಲ್ಲ.

ಗೆಡ್ಡೆ ಎಲ್ಲಿದೆ ಎಂಬುದರ ಮೇಲೆ ಅದರ ಲಕ್ಷಣ. ಹಿಂಭಾಗದಲ್ಲಿದ್ದರೆ ದೃಷ್ಟಿ ಕೆಡುತ್ತದೆ. ಸಾಮಾನ್ಯವಾಗಿ ಎಡಗಡೆ ಇದ್ದರೆ ಮಾತು ತಡವರಿಸುತ್ತದೆ. ಕಿರುಮಿದುಳಿನಲ್ಲಿದ್ದರೆ ನಡಿಗೆ ತೂರಾಡುತ್ತದೆ. ಹಣೆಯ ಹಿಂದಿನ ಭಾಗದಲ್ಲಿದ್ದರೆ ಕೈಕಾಲು, ಮಾತು, ಕಣ್ಣು ಎಲ್ಲ ಬಹುಕಾಲ ಸರಿಯಾಗಿಯೇ ಇದ್ದು, ಸಂಯಮ, ಲಜ್ಜೆ, ಮುಂದಾಲೋಚನೆ ಮೊದಲು ಕುಸಿಯಬಹುದು. ಲಜ್ಜೆ ಕುಸಿದವನನ್ನು ರೋಗಿ ಎಂದು ಯಾರೂ ತಿಳಿಯುವುದಿಲ್ಲ, ದುರ್ಜನನೆಂದು ತಿಳಿಯುತ್ತಾರೆ. ಕಾಲು ಎಳೆಯುವವನಿಗೆ ಊರು ಕರುಣೆ ತೋರಿಸುತ್ತದೆ, ಮಾತು ಕೆಟ್ಟವನಿಗೆ ತೋರಿಸುವುದಿಲ್ಲ. ತಲೆನೋವು ಬಂದವರಿಗೆಲ್ಲ ಗೆಡ್ಡೆ ಇರುವುದಿಲ್ಲ, ಅಂತಹವರು ತೀರ ಅಪರೂಪ. ಆದರೆ ಬೆಳಗಿನ ಹೊತ್ತು ಹೆಚ್ಚಾಗುವ, ವಾಂತಿಯೊಡನೆ ಬರುವ, ದಿನೇ ದಿನೇ ಬಲಿಯುವ ತಲೆನೋವು. ನಡುವಯಸ್ಸು ದಾಟಿದ ಮೇಲೆ ಮೊದಲ ಬಾರಿ ಬಂದ ಫಿಟ್ಸ್. ಕಾರಣವಿಲ್ಲದೆ ಬದಲಾದ ನಡತೆ — ಇವುಗಳನ್ನು ಕಂಡ ಮನೆಯವರು ಜ್ಯೋತಿಷಿಯ ಬಳಿಗೆ ಹೋಗುವ ಮೊದಲು ವೈದ್ಯರ ಬಳಿಗೆ ಹೋಗಬೇಕು. ಮುದುಕರು ಬಚ್ಚಲಲ್ಲಿ ಸಣ್ಣಗೆ ಜಾರಿಬಿದ್ದ ಕೆಲವು ವಾರಗಳ ಮೇಲೆ ಮಂಕಾದರೆ, ಅದು ಅರಳುಮರಳಲ್ಲದೆ ಬುರುಡೆಯೊಳಗೆ ಮೆಲ್ಲಗೆ ತುಂಬಿದ ರಕ್ತವಾಗಿರಬಹುದು. ಅದನ್ನು ಹೊರತೆಗೆದರೆ ಅನೇಕರು ಮೊದಲಿನಂತಾಗುತ್ತಾರೆ.

ಬುರುಡೆಯೊಳಗನ್ನು ಕಾಣುವ ಹಂಬಲ ಪ್ರಾಚೀನವಾದುದು. ತೆಕ್ಕಲಕೋಟೆಯ ಗುಡ್ಡಗಳಲ್ಲಿ ಜನ ವಾಸಿಸಿದ ಯುಗಕ್ಕೇ ಸೇರಿದ ಕಾಶ್ಮೀರದ ಬುರ್ಜಹೋಮಿನ ನೆಲೆಯಲ್ಲಿ, ರಂಧ್ರಗಳನ್ನು ಕೊರೆದ ಒಂದು ತಲೆಬುರುಡೆ ದೊರೆತಿದೆ. ಕತ್ತರಿಸದೆ ಮಿದುಳನ್ನು ಕಾಣುವುದು ಸಾಧ್ಯವಾದದ್ದು ಮಾತ್ರ ತೀರ ಈಚೆಗೆ. 1971ರ ಅಕ್ಟೋಬರ್ 1ರಂದು ಲಂಡನ್ನಿನ ಒಂದು ಆಸ್ಪತ್ರೆಯಲ್ಲಿ ಮೊತ್ತಮೊದಲ ಸಿ.ಟಿ. ಸ್ಕ್ಯಾನಿಗೆ ಒಳಗಾದಾಕೆ ಮಿದುಳಿನ ಮುಂಭಾಗದಲ್ಲಿ ಗೆಡ್ಡೆಯ ಶಂಕೆಯಿದ್ದ ಮಹಿಳೆ; ಚಿತ್ರದಲ್ಲಿ ಅದು ಕಂಡಿತು. ಯಂತ್ರವನ್ನು ರೂಪಿಸಿದ ಹೌನ್ಸ್‌ಫೀಲ್ಡ್ ಅವರಿಗೆ ಕಾರ್ಮಾಕ್ ಅವರೊಡನೆ 1979ರಲ್ಲಿ ನೊಬೆಲ್ ಬಹುಮಾನ ಬಂತು. ಕರ್ನಾಟಕದಲ್ಲಿ 1974ರಲ್ಲಿ ಬೆಂಗಳೂರಿನ ನಿಮ್ಹಾನ್ಸ್ ರೂಪುಗೊಂಡಾಗ ಮನೋರೋಗ ಚಿಕಿತ್ಸೆಯೂ ನರರೋಗ ಚಿಕಿತ್ಸೆಯೂ ಒಂದೇ ಆವರಣಕ್ಕೆ ಸೇರಿದವು. ಅದರ ಮೊದಲ ನಿರ್ದೇಶಕರು ನರಶಸ್ತ್ರಚಿಕಿತ್ಸಕ ಡಾ. ಆರ್. ಮಾರ್ತಾಂಡ ವರ್ಮ. ನಡತೆ ಕೆಟ್ಟವನನ್ನೂ ನರ ಕೆಟ್ಟವನನ್ನೂ ಒಂದೇ ಬಾಗಿಲಿನಿಂದ ಒಳಗೆ ಕರೆದುಕೊಂಡ ಆ ವ್ಯವಸ್ಥೆಯಲ್ಲಿ ಒಂದು ದೊಡ್ಡ ತಿಳಿವಳಿಕೆ ಅಡಗಿದೆ.

ಮಿದುಳಿಗೂ ನಡತೆಗೂ ಇರುವ ನಂಟನ್ನು ಜಗತ್ತಿಗೆ ಮನವರಿಕೆ ಮಾಡಿದ ಪ್ರಸಂಗ 1848ರ ಸೆಪ್ಟೆಂಬರ್ 13ರದು. ಅಮೆರಿಕದ ವರ್ಮಾಂಟಿನಲ್ಲಿ ರೈಲುದಾರಿಗಾಗಿ ಬಂಡೆ ಸಿಡಿಸುತ್ತಿದ್ದ ಫಿನಿಯಸ್ ಗೇಜ್ ಎಂಬ ಮೇಸ್ತ್ರಿಯ ಎಡಗೆನ್ನೆಯಿಂದ ಹೊಕ್ಕು ನೆತ್ತಿಯಿಂದ ಹೊರಬಂದಿತು ಒಂದು ಕಬ್ಬಿಣದ ಹಾರೆ. ಅವನು ಬದುಕಿದನು, ನಡೆದಾಡಿದನು, ಮಾತನಾಡಿದನು. ಆದರೆ ಸೌಮ್ಯನೂ ನಂಬಿಕಸ್ಥನೂ ಆಗಿದ್ದವನು ಒರಟನೂ ಚಂಚಲನೂ ಆದನೆಂದು ಚಿಕಿತ್ಸೆ ಮಾಡಿದ ವೈದ್ಯ ಹಾರ್ಲೋ ಬರೆದಿಟ್ಟನು. ಈ ಕಥೆಯನ್ನು ಹೇಳುವವರು ಮುಂದಿನದನ್ನು ಬಿಟ್ಟುಬಿಡುವುದುಂಟು: ಅನಂತರ ಗೇಜ್ ಚಿಲಿ ದೇಶದಲ್ಲಿ ಹಲವು ವರ್ಷ ಕುದುರೆಬಂಡಿಯ ಸಾರಥಿಯಾಗಿ ದುಡಿದನು. 1860ರಲ್ಲಿ ಸಾಯುವ ಮುನ್ನ ಬಹುಮಟ್ಟಿಗೆ ಚೇತರಿಸಿಕೊಂಡಿದ್ದನೆಂದು ಈಚಿನ ವಿದ್ವಾಂಸರು ಹೇಳುತ್ತಾರೆ.

ಇನ್ನೊಂದು ಘಟನೆ ಭಯಂಕರವಾದುದು. 1966ರ ಆಗಸ್ಟ್ 1ರಂದು ಅಮೆರಿಕದ ಆಸ್ಟಿನ್ ನಗರದಲ್ಲಿ ವಿಶ್ವವಿದ್ಯಾಲಯದ ಗೋಪುರವೇರಿ ಅನೇಕರನ್ನು ಗುಂಡಿಟ್ಟು ಕೊಂದ ಚಾರ್ಲ್ಸ್ ವಿಟ್ಮನ್, ತನ್ನೊಳಗೆ ಏನೋ ಕೆಟ್ಟಿದೆ, ಸತ್ತ ಮೇಲೆ ತನ್ನ ದೇಹವನ್ನು ಪರೀಕ್ಷಿಸಿ ನೋಡಬೇಕು ಎಂಬ ಅರ್ಥದ ಪತ್ರ ಬರೆದಿಟ್ಟಿದ್ದನು. ಪರೀಕ್ಷಿಸಿದಾಗ ಮಿದುಳಿನಲ್ಲಿ ಗೆಡ್ಡೆಯೊಂದು ಸಿಕ್ಕಿತು. ಅದೇ ಆ ಹತ್ಯೆಗಳಿಗೆ ಕಾರಣವೆಂದು ತಜ್ಞರು ನಿಶ್ಚಯವಾಗಿ ಹೇಳಲಿಲ್ಲ, ಕಾರಣವೇ ಅಲ್ಲವೆಂದೂ ಹೇಳಲಿಲ್ಲ. ಬುರುಡೆಯನ್ನು ತೆರೆದು ನೋಡಿದವರಿಗೂ ತೀರ್ಪು ಕೊಡಲಾಗಲಿಲ್ಲ.

ಜಿನಾಗಮದ ದೃಷ್ಟಿಯಲ್ಲಿ ಈ ಸಮಸ್ಯೆ ಹೊಸದೇನೂ ಅಲ್ಲ. ಜ್ಞಾನವು ಆತ್ಮದ ಗುಣ. ಮನಸ್ಸು ಅದಕ್ಕೆ ಬಾಗಿಲು ಮಾತ್ರ. ದ್ರವ್ಯಮನಸ್ಸನ್ನು ಪುದ್ಗಲವೆಂದೇ ಶಾಸ್ತ್ರಕಾರರು ಎಣಿಸಿದ್ದಾರೆ. ದಿಗಂಬರ ಪರಂಪರೆ ಅದನ್ನು ಹೃದಯದೆಡೆಯಲ್ಲಿ ಅರಳಿದ ಕಮಲದಾಕಾರದಲ್ಲಿ ಕಂಡಿತು. ಇಂದಿನ ವೈದ್ಯಶಾಸ್ತ್ರ ಆ ವ್ಯಾಪಾರವನ್ನು ತಲೆಯಲ್ಲಿ ಕಾಣುತ್ತದೆ. ಈ ಭೇದವನ್ನು ಹಿಡಿದು ವಾದಿಸುವವರುಂಟು. ಆದರೆ ಪ್ರಕೃತಕ್ಕೆ ಬೇಕಾದ ಮಾತು ಎರಡಕ್ಕೂ ಸಮಾನ. ಚೇತನವು ಲೋಕದೊಡನೆ ವ್ಯವಹರಿಸುವುದು ಒಂದು ಜಡ ಸಾಧನದ ಮೂಲಕ. ಆ ಸಾಧನ ಕಣ್ಣಿನಂತೆ, ಕಿವಿಯಂತೆ ಕೆಡಬಲ್ಲುದು. ಪೊರೆ ಬಂದ ಕಣ್ಣಿನವನನ್ನು ನೋಡಿ ಅವನ ಆತ್ಮ ಕುರುಡಾಯಿತು ಎಂದು ಯಾವ ಶ್ರಾವಕನೂ ಹೇಳುವುದಿಲ್ಲ.

ಗೊಮ್ಮಟಸಾರದ ಕರ್ಮಕಾಂಡದಲ್ಲಿ ನೇಮಿಚಂದ್ರ ಸಿದ್ಧಾಂತ ಚಕ್ರವರ್ತಿಗಳು ಎಂಟು ಕರ್ಮಗಳಿಗೆ ಎಂಟು ಉಪಮೆಗಳನ್ನು ಕೊಟ್ಟಿದ್ದಾರೆ. ಜ್ಞಾನಾವರಣೀಯವು ಮೂರ್ತಿಯ ಮುಖಕ್ಕೆ ಮುಚ್ಚಿದ ಬಟ್ಟೆಯಂತೆ, ಮೋಹನೀಯವು ಮದ್ಯದಂತೆ. ಬಟ್ಟೆ ಮುಚ್ಚಿದಾಗ ಮೂರ್ತಿ ಕಾಣುವುದಿಲ್ಲ, ಆದರೆ ಮೂರ್ತಿ ಭಗ್ನವಾಗಿರುವುದಿಲ್ಲ. ಬಸದಿಗೆ ಬಂದವನು ಬಟ್ಟೆಯನ್ನು ಕಂಡು ಅದೇ ಮೂರ್ತಿಯೆಂದು ತಿಳಿದು ಹಿಂತಿರುಗಿದರೆ ತಪ್ಪು ಯಾರದು? ‘ಇದೇ ಅವನ ನಿಜಸ್ವಭಾವ’ ಎಂದು ರೋಗಿಯ ಕುರಿತು ಹೇಳುವವರು ಮಾಡುವುದು ಅದನ್ನೇ. ಪರ್ಯಾಯವು ಪಲ್ಲಟವಾಗುತ್ತದೆ, ದ್ರವ್ಯ ಉಳಿಯುತ್ತದೆ ಎಂಬ ಪಾಠವನ್ನು ಪಾಠಶಾಲೆಯ ಮಕ್ಕಳೂ ಒಪ್ಪಿಸುತ್ತಾರೆ. ಮನೆಯಲ್ಲಿ ಅದರ ಪರೀಕ್ಷೆ ಬಂದಾಗ ಹಿರಿಯರೇ ತಡವರಿಸುತ್ತಾರೆ.

ಹಾಗಾದರೆ ರೋಗಿಯ ಕೋಪಕ್ಕೆ ಲೆಕ್ಕವೇ ಇಲ್ಲವೇ? ಅಷ್ಟು ಸರಳವಾಗಿ ಕೈತೊಳೆದುಕೊಳ್ಳಲು ಸಿದ್ಧಾಂತ ಬಿಡುವುದಿಲ್ಲ. ಕ್ರೋಧವು ಉದಯಕ್ಕೆ ಬಂದಿತು, ಗೆಡ್ಡೆ ಅದಕ್ಕೆ ನಿಮಿತ್ತವಾಯಿತು. ಆದರೆ ಆಚಾರ್ಯ ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯದಲ್ಲಿ ಆಸ್ರವದ ತಾರತಮ್ಯವನ್ನು ಹೇಳುವಾಗ ಭಾವವು ತೀವ್ರವೇ ಮಂದವೇ, ತಿಳಿದು ಮಾಡಿದ್ದೇ ತಿಳಿಯದೆ ಆದದ್ದೇ, ಆಧಾರ ಯಾವುದು, ಶಕ್ತಿ ಎಷ್ಟು ಎಂದು ಒಂದೊಂದನ್ನೂ ಬೇರೆಬೇರೆಯಾಗಿ ಎಣಿಸಿದ್ದಾರೆ. ಹಿಂಸೆಯ ಲಕ್ಷಣವನ್ನು ಹೇಳುವಲ್ಲಿಯೂ ಪ್ರಮಾದದ ಯೋಗವನ್ನು ಮುಂದಿಟ್ಟಿದ್ದಾರೆ. ಒಂದೇ ಏಟು, ಒಂದೇ ಬೈಗುಳ. ಆದರೆ ಬೆಳಿಗ್ಗೆಯಿಂದ ಹೊಂಚುಹಾಕಿ ಬೈದವನ ಲೆಕ್ಕ ಬೇರೆ, ಬೈದದ್ದನ್ನೇ ಮರುಗಳಿಗೆ ಅರಿಯದವನ ಲೆಕ್ಕ ಬೇರೆ. ಈ ಲೆಕ್ಕವನ್ನು ನಿಖರವಾಗಿ ಬಲ್ಲವರು ಯಾರು? ಪರರ ಭಾವವನ್ನು ಪೂರ್ಣವಾಗಿ ಅರಿಯುವುದು ಕೇವಲಿಗಳಿಗೆ ಮಾತ್ರ ಸಾಧ್ಯ. ಕರ್ಮಸಿದ್ಧಾಂತ ಸತ್ಯವಾಗಿರುವುದರಿಂದಲೇ ನೆರೆಮನೆಯವನ ಕರ್ಮದ ಕುರಿತು ತೀರ್ಪು ಕೊಡುವ ಅಧಿಕಾರ ಯಾವ ಗೃಹಸ್ಥನಿಗೂ ಇಲ್ಲ.

ಅಷ್ಟೇ ಅಲ್ಲ. ಅದೇ ಆರನೆಯ ಅಧ್ಯಾಯದಲ್ಲಿ ಅಸಾತಾವೇದನೀಯ ಕರ್ಮಕ್ಕೆ ಕಾರಣಗಳನ್ನು ಹೇಳುವಾಗ ದುಃಖ, ಶೋಕ, ತಾಪ, ಆಕ್ರಂದನಗಳನ್ನು ತನ್ನಲ್ಲಿಯಾಗಲಿ ಪರರಲ್ಲಿಯಾಗಲಿ ಉಂಟುಮಾಡುವುದನ್ನು ಸೇರಿಸಲಾಗಿದೆ. ಹಾಸಿಗೆ ಹಿಡಿದವನ ಎದುರಿಗೆ ನಿಂತು ‘ಯಾವ ಜನ್ಮದ ಪಾಪವೋ’ ಎಂದು ನಿಟ್ಟುಸಿರುಬಿಟ್ಟು ಅವನ ಹೆಂಡತಿ ಮಕ್ಕಳ ಕಣ್ಣಲ್ಲಿ ನೀರು ತರಿಸುವವನು ಆ ಗಳಿಗೆಯಲ್ಲಿ ತನ್ನ ಖಾತೆಗೇ ಬರೆದುಕೊಳ್ಳುತ್ತಿರುತ್ತಾನೆ. ರೋಗಿಯ ಹಳೆಯ ಕರ್ಮ ಯಾವುದೆಂದು ಗೊತ್ತಿಲ್ಲ. ನೋಡಬಂದವನ ಹೊಸ ಕರ್ಮ ಕಣ್ಣಿಗೆ ಕಾಣುತ್ತಿದೆ.

ಕರ್ಮವೆಂದ ಮೇಲೆ ಚಿಕಿತ್ಸೆ ಏತಕ್ಕೆ ಎಂಬ ಮಾತೂ ಅಲ್ಲಲ್ಲಿ ಕೇಳಿಬರುತ್ತದೆ. ವಡ್ಡಾರಾಧನೆಯ ಸನತ್ಕುಮಾರ ಚಕ್ರವರ್ತಿಯ ಕಥೆಯನ್ನು ಅದಕ್ಕೆ ಆಧಾರವಾಗಿ ಎತ್ತುತ್ತಾರೆ. ವೈದ್ಯವೇಷದಿಂದ ಬಂದ ದೇವನ ಚಿಕಿತ್ಸೆಯನ್ನು ಬಯಸದೆ, ಭವರೋಗವನ್ನು ವಾಸಿಮಾಡಬಲ್ಲೆಯಾ ಎಂದು ಕೇಳಿದವನು ಸರ್ವಸಂಗ ಪರಿತ್ಯಾಗ ಮಾಡಿದ ಮುನಿ. ಕೇಳಿದ್ದು ತನ್ನ ದೇಹದ ಬಗೆಗೆ. ತಂದೆಯ ಸ್ಕ್ಯಾನಿಗೆ ಹಣ ಬಿಚ್ಚಲು ಹಿಂಜರಿಯುವ ಮಗ ಆ ಕಥೆಯ ಮರೆಯಲ್ಲಿ ನಿಲ್ಲಲಾರ. ಚತುರ್ವಿಧ ದಾನಗಳಲ್ಲಿ ಔಷಧದಾನಕ್ಕೆ ಸ್ಥಾನ ಕೊಟ್ಟ ಧರ್ಮವಿದು. ಮದ್ಯ ಮಾಂಸ ಮಧುಗಳನ್ನು ವರ್ಜಿಸಿ ಉಗ್ರಾದಿತ್ಯಾಚಾರ್ಯರು ಕಲ್ಯಾಣಕಾರಕವನ್ನು ಬರೆದರು. ಪೂಜ್ಯಪಾದರ ವೈದ್ಯಗ್ರಂಥವನ್ನು ಜಗದ್ದಳ ಸೋಮನಾಥನು ಕನ್ನಡಕ್ಕೆ ತಂದನು. ಸಂಕ್ರಮಣ, ಅಪಕರ್ಷಣ, ಉದೀರಣೆಗಳ ಮೂಲಕ ಕರ್ಮದ ಫಲವೂ ಮಾರ್ಪಾಡಾಗುತ್ತದೆ ಎಂದು ವಿವರಿಸಿದ ಸಿದ್ಧಾಂತದಲ್ಲಿ ವಿಧಿವಾದಕ್ಕೆ ಎಡೆಯಿಲ್ಲ. ಇಂದಿನ ಔಷಧಗಳ ಕ್ಯಾಪ್ಸೂಲಿನ ಹೊದಿಕೆ ಪ್ರಾಣಿಜನ್ಯ ಜೆಲಟಿನ್ ಎಂಬ ಸಂಕಟ ನಿಜವಾದದ್ದೇ. ಬದಲಿ ರೂಪವಿದೆಯೇ ಎಂದು ವೈದ್ಯರನ್ನು ಕೇಳುವುದು ಶ್ರಾವಕನ ಕರ್ತವ್ಯ. ಕೇಳದೆ ಗುಟ್ಟಾಗಿ ಔಷಧ ನಿಲ್ಲಿಸುವುದು ಅಹಿಂಸೆಯಲ್ಲ.

ಗುಟ್ಟಿನ ಮಾತು ಬಂದುದರಿಂದ ಮೂರ್ಛೆರೋಗದ ವಿಷಯವನ್ನು ಇಲ್ಲಿ ಹೇಳಬೇಕು. ಮಿದುಳಿನ ವ್ಯಾಧಿಗಳಲ್ಲಿ ಅತಿ ಹೆಚ್ಚಾಗಿ ಮುಚ್ಚಿಡಲಾಗುವುದು ಇದನ್ನೇ. ಜಗತ್ತಿನಲ್ಲಿ ಸುಮಾರು 5 ಕೋಟಿ ಜನರಿಗೆ ಇದಿದೆ ಎಂದೂ, ಸರಿಯಾದ ಚಿಕಿತ್ಸೆ ದೊರೆತರೆ ಇವರಲ್ಲಿ ನೂರಕ್ಕೆ 70ರವರೆಗೆ ಜನ ಫಿಟ್ಸ್ ಇಲ್ಲದೆ ಬಾಳಬಲ್ಲರೆಂದೂ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಬೆಂಗಳೂರು ಮತ್ತು ಸುತ್ತಲಿನ ಹಳ್ಳಿಗಳಲ್ಲಿ 1 ಲಕ್ಷಕ್ಕೂ ಹೆಚ್ಚು ಜನರನ್ನು ಒಳಗೊಂಡು 1990ರ ದಶಕದಲ್ಲಿ ನಿಮ್ಹಾನ್ಸ್ ನಡೆಸಿದ ಸಮೀಕ್ಷೆಯಲ್ಲಿ ನಗರಕ್ಕಿಂತ ಹಳ್ಳಿಗಳಲ್ಲಿ ಈ ರೋಗ ಸುಮಾರು ಇಮ್ಮಡಿಯಾಗಿ ಕಂಡುಬಂತು. ಆದರೂ ಬಿದ್ದವನ ಕೈಗೆ ಬೀಗದ ಕೈಗೊಂಚಲು ಕೊಡುವುದು, ಮೂಗಿಗೆ ಈರುಳ್ಳಿ ಹಿಡಿಯುವುದು ನಿಂತಿಲ್ಲ. ಈರುಳ್ಳಿ ಹೊಸಿಲು ದಾಟದ ಮನೆಗೂ ಆ ಗಳಿಗೆಯಲ್ಲಿ ಪಕ್ಕದ ಮನೆಯಿಂದ ಅದು ಬರುವುದನ್ನು ಕಂಡವರುಂಟು. ಬಿದ್ದವನನ್ನು ಮಗ್ಗುಲಿಗೆ ಹೊರಳಿಸಿ, ಬಾಯಿಗೆ ಏನನ್ನೂ ತುರುಕದೆ ಕಾಯುವುದು, ಐದು ನಿಮಿಷಕ್ಕೂ ನಿಲ್ಲದಿದ್ದರೆ ಆಸ್ಪತ್ರೆಗೆ ಒಯ್ಯುವುದು — ಮಾಡಬೇಕಾದ್ದು ಇಷ್ಟೇ.

ಮಾಂಸದ ನೆರಳೂ ಬೀಳದ ಮನೆಯ ಮಗುವಿನ ಸ್ಕ್ಯಾನಿನಲ್ಲಿ ಗೆಡ್ಡೆಯಂತೆ ಕಾಣುವ ಚುಕ್ಕೆ ಕಂಡು, ಅದು ಹಂದಿಯ ಲಾಡಿಹುಳುವಿನ ಮರಿಯೆಂದು ವೈದ್ಯರು ಹೇಳಿದಾಗ ತಂದೆತಾಯಂದಿರು ಅವಮಾನಿತರಾಗುತ್ತಾರೆ. ಅವಮಾನಕ್ಕೆ ಕಾರಣವಿಲ್ಲ. ಆ ಹುಳು ಹೊಟ್ಟೆಯಲ್ಲಿರುವ ಮನುಷ್ಯನ ಮಲದಿಂದ ಅದರ ಮೊಟ್ಟೆಗಳು ನೀರಿಗೂ ಹಸಿ ತರಕಾರಿಗೂ ಸೇರಿ ಸಸ್ಯಾಹಾರಿಗಳ ಹೊಟ್ಟೆಯನ್ನೂ ಹೊಗುತ್ತವೆ, ಅಲ್ಲಿಂದ ಮಿದುಳಿಗೆ ಏರುತ್ತವೆ. ಭಾರತದಲ್ಲಿ ಮೂರ್ಛೆರೋಗಕ್ಕೆ ಇದೊಂದು ಮುಖ್ಯ ಕಾರಣ. ಔಷಧದಿಂದ ಬಹುಪಾಲು ಗುಣವಾಗುತ್ತದೆ. ಸೋಸಿ ಕಾಯಿಸಿದ ನೀರನ್ನು ಕುಡಿಯಬೇಕೆಂಬ ಹಿರಿಯರ ಕಟ್ಟಳೆ ಇಲ್ಲಿ ಎರಡು ಬಗೆಯಲ್ಲಿ ಜೀವರಕ್ಷಕ.

ಮದುವೆಯ ಮಾತುಕತೆಯಲ್ಲಿ ಈ ರೋಗವನ್ನು ಮುಚ್ಚಿಡುವವರು ಉಪಗೂಹನ ಎಂಬ ದೊಡ್ಡ ಹೆಸರನ್ನು ಬಳಸುವುದುಂಟು. ಸಮ್ಯಕ್ತ್ವದ ಎಂಟು ಅಂಗಗಳಲ್ಲಿ ಅದು ಒಂದೆಂಬುದು ನಿಜ. ಆದರೆ ಜಿನೇಂದ್ರಭಕ್ತ ಶ್ರೇಷ್ಠಿ ಕಳ್ಳನಾದ ವೇಷಧಾರಿಯ ದೋಷವನ್ನು ಮರೆಮಾಡಿದ್ದು ಮಾರ್ಗಕ್ಕೆ ನಿಂದೆ ಬಾರದಿರಲೆಂದು. ತನ್ನ ಮಗಳಿಗೆ ಸಂಬಂಧ ಕುದುರಲೆಂದಲ್ಲ. ಬಾಳನ್ನೇ ಹಂಚಿಕೊಳ್ಳಲು ಬಂದವರಿಂದ ಅವರು ಅರಿಯಲೇಬೇಕಾದುದನ್ನು ಬಚ್ಚಿಟ್ಟರೆ ಅದು ಸತ್ಯಾಣುವ್ರತದ ಭಂಗ. ಹೊಸ ಮನೆಯಲ್ಲಿ ಗುಟ್ಟು ಒಡೆಯದಿರಲೆಂದು ಮಗಳು ಮಾತ್ರೆ ನುಂಗುವುದನ್ನು ಬಿಟ್ಟು ಬೆಂಕಿಯ ಮುಂದೆ ಬಿದ್ದರೆ ಅದು ಹಿಂಸೆಯೂ ಆಗುತ್ತದೆ. ತಪ್ಪೆಲ್ಲ ಹೆತ್ತವರದೇ ಅಲ್ಲ. ಜೈನರಿಗೂ ಅನ್ವಯಿಸುವ ಹಿಂದೂ ವಿವಾಹ ಕಾಯಿದೆಯೇ 1976ರ ತಿದ್ದುಪಡಿಯ ಮೂಲಕ ಮರುಕಳಿಸುವ ಮೂರ್ಛೆಯನ್ನು ಹುಚ್ಚಿನ ಪಕ್ಕದಲ್ಲಿ ಇರಿಸಿ ವಿವಾಹಕ್ಕೆ ಅನರ್ಹತೆಯೆಂದು ಸಾರಿತ್ತು; 1999ರಲ್ಲಿ ಸಂಸತ್ತು ಆ ಪದವನ್ನು ತೆಗೆದುಹಾಕಿತು. ಕಾನೂನು ಬಿಟ್ಟುಕೊಟ್ಟದ್ದನ್ನು ಸಮಾಜ ಇನ್ನೂ ಹಿಡಿದುಕೊಂಡಿರುವುದರಿಂದಲೇ ಮನೆಗಳು ಗುಟ್ಟು ಕಾಯುತ್ತಿವೆ. ಹೇಳಿದವರನ್ನು ದೂರ ತಳ್ಳದ ವರನ ಕಡೆಯವರು ಇದ್ದರೆ, ಹೇಳುವ ವಧುವಿನ ಕಡೆಯವರೂ ಇರುತ್ತಾರೆ.

ಪರ್ಯೂಷಣ, ದಶಲಕ್ಷಣ ಪರ್ವಗಳಲ್ಲಿ ಇನ್ನೊಂದು ಆತಂಕ ಎದುರಾಗುತ್ತದೆ. ಉಪವಾಸದ ಹುರುಪಿನಲ್ಲಿ ಫಿಟ್ಸಿನ ಮಾತ್ರೆಯನ್ನೂ ಬಿಟ್ಟವರು ಮೂರನೆಯ ದಿನ ಆಸ್ಪತ್ರೆ ಸೇರುವುದುಂಟು. ಆ ಮಾತ್ರೆಗಳನ್ನು ಥಟ್ಟನೆ ನಿಲ್ಲಿಸಿದರೆ ಪ್ರಾಣಕ್ಕೇ ಅಪಾಯ. ಷೋಡಶ ಭಾವನೆಗಳಲ್ಲಿ ತ್ಯಾಗ ತಪಸ್ಸುಗಳನ್ನು ಹೇಳುವಾಗ ಶಕ್ತಿಗೆ ತಕ್ಕಂತೆ ಎಂಬ ವಿಶೇಷಣವನ್ನು ಶಾಸ್ತ್ರಕಾರರು ಸೇರಿಸಿಯೇ ಹೇಳಿದ್ದಾರೆ. ಮಾತ್ರೆಯ ಹೊತ್ತನ್ನು ಸೂರ್ಯಾಸ್ತಕ್ಕೆ ಮುನ್ನ ಹೊಂದಿಸಲು ಬಹುತೇಕ ವೈದ್ಯರು ಒಪ್ಪುತ್ತಾರೆ, ಕೇಳಬೇಕಷ್ಟೆ.

ಎಲ್ಲಕ್ಕಿಂತ ಸೂಕ್ಷ್ಮವಾದುದು ಸಲ್ಲೇಖನದ ಪ್ರಶ್ನೆ. ಶ್ರವಣಬೆಳಗೊಳದ ಚಂದ್ರಗಿರಿಯ ಮೇಲೆ ಸುಮಾರು ಏಳನೆಯ ಶತಮಾನದಿಂದ ಮುನಿಗಳೂ ಆರ್ಯಿಕೆಯರೂ ಶ್ರಾವಕರೂ ಸಮಾಧಿಮರಣ ಹೊಂದಿದ್ದನ್ನು ಶಾಸನಗಳು ದಾಖಲಿಸಿವೆ. 2015ರ ಆಗಸ್ಟ್ 10ರಂದು ರಾಜಸ್ಥಾನ ಉಚ್ಚ ನ್ಯಾಯಾಲಯ ಈ ವ್ರತವನ್ನು ಆತ್ಮಹತ್ಯೆಗೆ ಸಮವೆಂದಾಗ ದೇಶದ ಜೈನರು ಬೀದಿಗಿಳಿದರು. ಅದೇ ತಿಂಗಳ 31ರಂದು ಸರ್ವೋಚ್ಚ ನ್ಯಾಯಾಲಯ ಆ ತೀರ್ಪಿಗೆ ತಡೆ ನೀಡಿತು. ವ್ರತಕ್ಕೂ ಆತ್ಮಹತ್ಯೆಗೂ ಭೇದವೆಲ್ಲಿದೆ ಎಂದು ಆಗ ಸಮುದಾಯ ಲೋಕಕ್ಕೆ ವಿವರಿಸಿತು: ಅದು ತಾನೇ ತಿಳಿದು, ಎಚ್ಚರದಿಂದ, ಕಷಾಯಗಳನ್ನು ಕೃಶಗೊಳಿಸುತ್ತ ಕೈಕೊಳ್ಳುವ ವ್ರತ. ಆ ವಿವರಣೆ ಸತ್ಯವಾದರೆ ಅದರ ಹೊಣೆಯನ್ನೂ ಹೊರಬೇಕು. ಮಿದುಳಿನ ಊತದಿಂದ ದಿಕ್ಕು, ದಿನ, ಮಕ್ಕಳ ಹೆಸರು ಮರೆತವನು ವ್ರತ ತೆಗೆದುಕೊಳ್ಳಲಾರ. ಅವನ ಪರವಾಗಿ ಮಗ ತೆಗೆದುಕೊಳ್ಳಲಾರ, ಪಂಡಿತರು ಕಿವಿಯಲ್ಲಿ ಹೇಳಿ ತಲೆಯಾಡಿಸುವಂತೆ ಮಾಡಿದರೂ ಅದು ವ್ರತವಾಗದು. ಶೀಘ್ರ ಮರಣದ ಬಯಕೆಯನ್ನು ವ್ರತಿಯಲ್ಲಿಯೇ ಅತಿಚಾರವೆಂದು ಎಣಿಸಿದ ಮೇಲೆ, ಆರೈಕೆಯಿಂದ ದಣಿದ ಮನೆಯವರಲ್ಲಿ ಅದೇ ಬಯಕೆ ಧರ್ಮವಾಗುವುದು ಹೇಗೆ?

ಆಚಾರ್ಯ ಸಮಂತಭದ್ರರು ರತ್ನಕರಂಡಕ ಶ್ರಾವಕಾಚಾರದಲ್ಲಿ ಉಪಸರ್ಗ, ದುರ್ಭಿಕ್ಷ, ಮುಪ್ಪು, ರೋಗಗಳನ್ನು ಸಲ್ಲೇಖನದ ಸಂದರ್ಭಗಳೆಂದು ಹೇಳುವಾಗ ಪ್ರತೀಕಾರವಿಲ್ಲದಿರುವಿಕೆಯನ್ನು ನಿಬಂಧನೆಯಾಗಿ ಇಟ್ಟಿದ್ದಾರೆ. ಪ್ರತೀಕಾರ ಉಂಟೋ ಇಲ್ಲವೋ ಎಂಬುದು ಪರೀಕ್ಷೆ ಮಾಡಿಸದೆ ತಿಳಿಯದು. ಮೆನಿಂಜಿಯೋಮಕ್ಕೆ ಪ್ರತೀಕಾರವುಂಟು. ಗ್ಲಯೋಬ್ಲಾಸ್ಟೋಮದವನಿಗೆ ಕಡೆಗೆ ಇಲ್ಲ. ಆದರೆ ಬುದ್ಧಿ ತಿಳಿಯಾಗಿರುವ ಕೆಲವು ತಿಂಗಳು ಅವನಿಗೂ ದೊರೆಯುತ್ತವೆ. ಮನೆಯವರು ಅವನಿಂದ ರೋಗದ ಹೆಸರನ್ನೇ ಮುಚ್ಚಿಟ್ಟು, ಎಲ್ಲ ಸರಿಹೋಗುತ್ತದೆ ಎನ್ನುತ್ತ ಆ ತಿಂಗಳುಗಳನ್ನು ಕಳೆದುಬಿಟ್ಟರೆ, ಗುರುಗಳ ಸನ್ನಿಧಿಯಲ್ಲಿ ಕುಳಿತು ತನ್ನ ಕೊನೆಯನ್ನು ತಾನೇ ಆಲೋಚಿಸುವ ಅವಕಾಶವನ್ನು ಅವನಿಂದ ಕಸಿದುಕೊಂಡಂತೆ. ಸಲ್ಲೇಖನಕ್ಕೂ ಯಂತ್ರಗಳ ಚಿಕಿತ್ಸೆಯನ್ನು ಹಿಂತೆಗೆಯುವುದಕ್ಕೂ ಸಂಬಂಧವಿಲ್ಲವೆಂಬುದನ್ನೂ ಗಮನಿಸಬೇಕು. ಎರಡನೆಯದಕ್ಕೆ ಸರ್ವೋಚ್ಚ ನ್ಯಾಯಾಲಯ 2018ರಲ್ಲಿ ದಾರಿ ತೋರಿಸಿ 2023ರಲ್ಲಿ ಅದನ್ನು ಸರಳಗೊಳಿಸಿತು. ಕರ್ನಾಟಕ ಸರ್ಕಾರ 2025ರ ಜನವರಿಯಲ್ಲಿ ಅದರ ಜಾರಿಗೆ ಸುತ್ತೋಲೆ ಹೊರಡಿಸಿತು. ಬುದ್ಧಿ ಸ್ಥಿರವಾಗಿರುವಾಗಲೇ ತನ್ನ ಇಚ್ಛೆಯನ್ನು ಬರೆದಿಡಬಹುದು ಎಂಬುದೇ ಅದರ ತಿರುಳು.

ಇನ್ನು ಉಳಿಯುವುದು ಆರೈಕೆ. ನಿರ್ವಿಚಿಕಿತ್ಸಾ ಅಂಗಕ್ಕೆ ಉದ್ದಾಯನ ಮಹಾರಾಜನ ಕಥೆಯನ್ನು ಶಾಸ್ತ್ರಸಭೆಗಳಲ್ಲಿ ಹೇಳುತ್ತಾರೆ. ಮುಳುಗುಂದದ ನಯಸೇನನ ಧರ್ಮಾಮೃತದಲ್ಲಿಯೂ ಈ ಅಂಗಗಳ ಕಥೆಗಳಿವೆ. ರೋಗಿಷ್ಠ ಮುನಿಯ ವೇಷದಲ್ಲಿ ಬಂದ ದೇವನು ಉಂಡದ್ದನ್ನೆಲ್ಲ ವಾಂತಿ ಮಾಡಿದಾಗ ರಾಜನು ಹೇಸದೆ ತೊಳೆದನು. ಕಥೆಯಲ್ಲಿ ಅದು ಒಂದು ದಿನದ ಪರೀಕ್ಷೆ. ಲಕ್ವ ಹೊಡೆದ, ಗೆಡ್ಡೆಯ ಶಸ್ತ್ರಚಿಕಿತ್ಸೆಯಾದ, ಮರೆವಿನ ರೋಗ ಬಂದ ಹಿರಿಯರಿರುವ ಮನೆಯಲ್ಲಿ ಅದು ವರ್ಷಾನುಗಟ್ಟಲೆ ನಡೆಯುತ್ತದೆ. ತೊಳೆಯುವವಳು ಸಾಮಾನ್ಯವಾಗಿ ಸೊಸೆ. ಅವಳ ಹೆಸರು ಯಾವ ಸಭೆಯಲ್ಲಿಯೂ ಕೇಳಿಬರುವುದಿಲ್ಲ. ಪೂಜೆಗೆ ಬರಲಿಲ್ಲವೆಂದು ಅವಳ ಮೇಲೆ ಆಕ್ಷೇಪಣೆ ಮಾತ್ರ ಬರುತ್ತದೆ. ವೈಯಾವೃತ್ಯವನ್ನು ಅಂತರಂಗ ತಪಸ್ಸುಗಳಲ್ಲಿ ಎಣಿಸಿದ ಪರಂಪರೆಯಲ್ಲಿ ಅಷ್ಟಾಹ್ನಿಕದ ಉಪವಾಸಿಗಳಿಗೆ ಮೆರವಣಿಗೆಯುಂಟು, ಇವಳಿಗೆ ಮಧ್ಯಾಹ್ನ ಎರಡು ಗಂಟೆ ನಿದ್ರೆಯೂ ಇಲ್ಲ.

ಬಸದಿಗಳ ಟ್ರಸ್ಟುಗಳು ಇಲ್ಲಿ ಮಾಡಬಹುದಾದುದು ಬಹಳ, ಅದಕ್ಕೆ ಶಿಖರ ಕಟ್ಟಿಸುವಷ್ಟು ಹಣವೂ ಬೇಡ. ಬಳ್ಳಾರಿಯಲ್ಲಿ 1961ರಲ್ಲಿ ಆರಂಭವಾಗಿ ಬಹುಕಾಲ ವಿಮ್ಸ್ ಎಂದು ಹೆಸರಾಗಿದ್ದ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಿದೆ. ಅಲ್ಲಿಂದ ಮುಂದಕ್ಕೆ ಬೆಂಗಳೂರಿಗೆ ಕಳುಹಿಸಿದಾಗ ತೆಕ್ಕಲಕೋಟೆಯ ಕುಟುಂಬವೊಂದಕ್ಕೆ ಎದುರಾಗುವ ಮೊದಲ ಸಮಸ್ಯೆ ಶಸ್ತ್ರಚಿಕಿತ್ಸೆಯಲ್ಲ, ರಾತ್ರಿ ತಂಗುವ ಜಾಗ ಮತ್ತು ಸಂಜೆಯೊಳಗೆ ಸಿಗುವ ಶುದ್ಧಾಹಾರ. ಧರ್ಮಶಾಲೆಯ ಎರಡು ಕೋಣೆಗಳನ್ನು ಯಾತ್ರಿಕರಿಗಲ್ಲದೆ ರೋಗಿಯ ಕಡೆಯವರಿಗೆಂದು ಮೀಸಲಿಡುವುದು, ಸರ್ಕಾರದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯ ಕಾಗದಪತ್ರ ಹೊಂದಿಸಿಕೊಡಬಲ್ಲ ಒಬ್ಬ ಯುವಕನನ್ನು ಗೊತ್ತುಮಾಡುವುದು, ಬಡವನ ಫಿಟ್ಸಿನ ಮಾತ್ರೆಗೆ ತಿಂಗಳು ತಿಂಗಳು ಹಣ ಕಟ್ಟುವುದು ಔಷಧದಾನವಲ್ಲದೆ ಮತ್ತೇನು? ಆ ಬಡವ ಜೈನನೇ ಆಗಿರಬೇಕೆಂದು ಆಗಮ ಎಲ್ಲಿಯೂ ಹೇಳಿಲ್ಲ.

ಆರಂಭದಲ್ಲಿ ಕಲ್ಪಿಸಿಕೊಂಡ ಆ ಮನೆಯ ಯಜಮಾನರಿಗೆ ಶಸ್ತ್ರಚಿಕಿತ್ಸೆಯಾಯಿತು ಎನ್ನೋಣ. ಗೆಡ್ಡೆ ಮೆನಿಂಜಿಯೋಮವಾಗಿತ್ತು, ಪೂರ್ತಿ ಬಂತು. ಕೆಲವು ತಿಂಗಳಲ್ಲಿ ಹಳೆಯ ದನಿ ಮರಳಿತು, ಎಡಗೈ ಸ್ವಲ್ಪ ಸೋತೇ ಉಳಿಯಿತು. ಆ ಎರಡು ವರ್ಷಗಳಲ್ಲಿ ಆಡಿದ್ದು ಮಾಡಿದ್ದು ಹೆಚ್ಚೇನೂ ಅವರಿಗೆ ನೆನಪಿಲ್ಲ. ಮನೆಯವರೂ ಹೇಳಲಿಲ್ಲ, ಆದರೆ ಮಗ ತನ್ನ ಮುಖವನ್ನು ದಿಟ್ಟಿಸಿ ನೋಡುವುದಿಲ್ಲ ಎಂಬುದನ್ನು ಅವರು ಕಂಡುಕೊಂಡರು.

ದಶಲಕ್ಷಣ ಮುಗಿದು ಕ್ಷಮಾವಣಿಯ ದಿನ ಬಂತು. ನೆನಪಿಲ್ಲದ ತಪ್ಪಿಗೆ ಕ್ಷಮೆ ಕೇಳಬಹುದೇ? ಪ್ರತಿಕ್ರಮಣದಲ್ಲಿ ಅರಿತು ಮಾಡಿದ ದೋಷಗಳ ಜೊತೆಗೆ ಅರಿಯದೆ ಆದವುಗಳಿಗೂ ಎಡೆಯುಂಟು. ಅವರು ಹೆಂಡತಿಗೂ ಸೊಸೆಗೂ ಕೈಮುಗಿದು, ಕೊನೆಗೆ ಮಗನ ಎದುರಿಗೆ ನಿಂತರು. ತನ್ನಿಂದ ಏನಾಯಿತೆಂದು ತನಗೆ ತಿಳಿಯದು, ಆದದ್ದೆಲ್ಲಕ್ಕೂ ಕ್ಷಮೆಯಿರಲಿ ಎಂದರು. ಆ ಒಂದೂವರೆ ವರ್ಷದ ಒಂದೊಂದು ದಿನವೂ ಮಗನಿಗೆ ಚೆನ್ನಾಗಿ ನೆನಪಿತ್ತು. ತಾನು ಮಾತು ಬಿಟ್ಟದ್ದು ತಿಳಿದೇ ಮಾಡಿದ್ದು ಎಂಬುದೂ ನೆನಪಿತ್ತು. ಅವನು ಬಗ್ಗಿ ತಂದೆಯ ಕಾಲು ಮುಟ್ಟಿದನು. ಒಳಗಿನಿಂದ ಸೊಸೆ, ಹೊತ್ತು ಮುಳುಗುವುದರೊಳಗೆ ಮಾತ್ರೆ ತೆಗೆದುಕೊಳ್ಳಬೇಕೆಂದು ನೆನಪಿಸಿದಳು.